ಸಾಂಬ್ರಾಣಿ ಹೊಗೆ ಹಾಕಿ ಮಾರುತಿ 800 ಐಡ್ಲಿಂಗ್ ಸರಿ ಮಾಡಿದೆ

ಕಳೆದ ಭಾನುವಾರ ನನ್ನ 98ರ ಮಾರುತಿ 800 ಮನೆ ಮುಂದೆ 40 ನಿಮಿಷ ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುತ್ತಾ, ನಿಂತಿತ್ತು. ರೇಡಿಯೇಟರ್ ಫ್ಯಾನ್ ಮೂರ್ನಾಲ್ಕು ಸಲ ಓಡಿ ನಿಂತಿತು. ಎಂಜಿನ್ ಮಾತ್ರ ಒಮ್ಮೆಯೂ ಆಫ್ ಆಗಲಿಲ್ಲ. ಇದೇ ಗಾಡಿಯನ್ನು ಗುಜರಿಗೆ ಹಾಕಿ ಅಂತ ಇಬ್ಬರು ಮೆಕ್ಯಾನಿಕ್‌ಗಳು ಹೇಳಿದ್ದರು.

ತೊಂದರೆ ಹಳೇ ಗಾಡಿ ಇಟ್ಟುಕೊಂಡವರಿಗೆಲ್ಲ ಗೊತ್ತಿರುವುದೇ. ಬೆಳಿಗ್ಗೆ ತಣ್ಣಗಿದ್ದಾಗ ಚೆನ್ನಾಗಿ ಓಡುತ್ತಿತ್ತು. 7-8 ಕಿಲೋಮೀಟರ್ ಆದ ಮೇಲೆ ಸಿಗ್ನಲ್‌ನಲ್ಲಿ ನಿಂತರೆ ನಡುಗಿ, ಕೆಮ್ಮಿ, ಬಂದ್. ಶಿವಮೊಗ್ಗದ ಅಮೀರ್ ಅಹ್ಮದ್ ಸರ್ಕಲ್‌ನಲ್ಲಿ ಹಿಂದಿನವರ ಹಾರನ್ ಕೇಳಿಸಿಕೊಂಡು ಎಷ್ಟು ಸಲ ಸೆಲ್ಫ್ ಹೊಡೆದಿದ್ದೇನೋ ಲೆಕ್ಕ ಇಲ್ಲ.

ಮೊದಲು ಪೆಟ್ರೋಲ್-ಗಾಳಿ ಬೆರೆಸುವ ಕಾರ್ಬೊರೇಟರ್‌ನ ಸರ್ವಿಸ್, ಸುಮಾರು 1,200 ರೂಪಾಯಿ. ಎರಡು ವಾರ ಸರಿಯಿತ್ತು, ಮತ್ತೆ ಅದೇ. ಆಮೇಲೆ ಪ್ಲಗ್, ಡಿಸ್ಟ್ರಿಬ್ಯೂಟರ್ ಕ್ಯಾಪ್, ರೋಟರ್. ಆಮೇಲೆ ಫ್ಯುಯೆಲ್ ಪಂಪ್. ಕೊನೆಗೆ ಬೆಂಗಳೂರಿನ ಜೆ.ಸಿ. ರೋಡ್‌ಗೆ ಹೋಗಿ ಇನ್ನೊಂದು ಕಾರ್ಬೊರೇಟರನ್ನೇ ತಂದೆ, ಆರು ಸಾವಿರದ ಹತ್ತಿರ. ಅದನ್ನು ಕೂರಿಸಿದ ದಿನ ಸಂಜೆಯೇ ಗಾಡಿ ಬಂದ್ ಬಿತ್ತು. ಎಲ್ಲ ಸೇರಿ 13-14 ಸಾವಿರ ಹೋಗಿತ್ತು. ಐಡ್ಲ್ ಸ್ಕ್ರೂ ಏರಿಸಿ 1,300 ಆರ್‌ಪಿಎಂನಲ್ಲಿ ಓಡಿಸಿ ಅಂದರು ಒಬ್ಬರು. ಅದು ರಿಪೇರಿ ಅಲ್ಲ, ಪೆಟ್ರೋಲ್ ಸುಡುವುದು.

ಸುಳಿವು ಸಿಕ್ಕಿದ್ದು ಚೋಕ್‌ನಿಂದ, ಅಂದರೆ ಗಾಳಿ ಕಡಿಮೆ ಮಾಡಿ ಪೆಟ್ರೋಲ್ ಪಾಲು ಹೆಚ್ಚಿಸುವ ಗುಬ್ಬಿಯಿಂದ. ಬಿಸಿ ಎಂಜಿನ್ ನಡುಗುವಾಗ ಚೋಕ್ ಕಾಲು ಭಾಗ ಎಳೆದೆ. ಎಂಜಿನ್ ಶಾಂತವಾಯಿತು! ಬಿಸಿಯಲ್ಲಿ ಚೋಕ್ ಬೇಕು ಅಂದರೆ ಎಲ್ಲಿಂದಲೋ ಜಾಸ್ತಿ ಗಾಳಿ ಒಳಗೆ ಹೋಗುತ್ತಿದೆ ಅಂತ ಅರ್ಥ, ಅಲ್ವಾ? ಎಂಜಿನ್ ಎಷ್ಟು ಬಲವಾಗಿ ಗಾಳಿ ಎಳೆಯುತ್ತದೆ ಅಂತ ತೋರಿಸುವ ವ್ಯಾಕ್ಯೂಮ್ ಗೇಜ್ ತಂದು ಹಾಕಿದೆ. ಮುಳ್ಳು 13 ಇಂಚಿನ ಹತ್ತಿರ ಅಲ್ಲಾಡುತ್ತಿತ್ತು, ಅದು ಕಡಿಮೆ.

ಹೊಗೆ ಬಿಟ್ಟು ಲೀಕ್ ಹುಡುಕುವ ಮೆಷಿನ್‌ಗೆ ಸಾವಿರಾರು ರೂಪಾಯಿ. ನಾನು ಡಾಲ್ಡಾ ಡಬ್ಬಿಯಲ್ಲಿ ಕೆಂಡ, ಸಾಂಬ್ರಾಣಿ ಹಾಕಿ, ಮೀನಿನ ತೊಟ್ಟಿಯ ಪಂಪ್‌ನಿಂದ ಗಾಳಿ ಕೊಟ್ಟೆ. ಹೊಗೆ ನೀರಿನ ಬಾಟಲಿಯೊಳಗೆ ಗುಳುಗುಳು ಅಂತ ಹಾದು, ಉದ್ದದ ಪೈಪ್‌ನಲ್ಲಿ ಮ್ಯಾನಿಫೋಲ್ಡಿನ (ಕಾರ್ಬೊರೇಟರ್‌ನಿಂದ ಎಂಜಿನ್‌ಗೆ ಹೋಗುವ ಕೊಳವೆ) ನಿಪ್ಪಲ್‌ಗೆ. ನೀರು ಇಲ್ಲದೆ ಇದನ್ನು ಖಂಡಿತ ಮಾಡಬೇಡಿ, ಕಿಡಿ ಬಂದರೆ ಕಥೆ ಮುಗಿಯಿತು. ಹಿಂದಿನ ದಿನವೇ ಪೆಟ್ರೋಲ್ ಪೈಪ್ ಬಿಚ್ಚಿ, ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ನಿಲ್ಲುವ ಬೌಲ್ ಖಾಲಿ ಮಾಡಿ, ರಾತ್ರಿಯಿಡೀ ಬಾನೆಟ್ ತೆರೆದಿಟ್ಟಿದ್ದೆ. ಡಬ್ಬಿ ಗಾಡಿಯಿಂದ ಹತ್ತು ಅಡಿ ದೂರ, ಬಯಲಿನಲ್ಲಿ. ಕಾರ್ಬೊರೇಟರ್ ಬಾಯಿ ಮುಚ್ಚಲು ಏನು ಬಳಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಅದಕ್ಕೆ ಮೂರು ವಾರ ತಲೆ ಕೆಡಿಸಿಕೊಂಡಿದ್ದೇನೆ.

ಪಕ್ಕದ ಗ್ಯಾರೇಜಿನ ಹಿರಿಯರು ಬಂದು ನೋಡಿದರು. "ಏನ್ರೀ ಇದು, ಎಂಜಿನ್‌ಗೆ ಧೂಪ ಹಾಕ್ತಿದೀರಾ?" ಅಂದರು. ಮೊದಲ ದಿನ ಹೊಗೆ ಸೈಲೆನ್ಸರ್‌ನಲ್ಲಿ ಬಂತು, ಬೇರೆಲ್ಲೂ ಇಲ್ಲ. ವಾಲ್ವ್ ತೆರೆದ ಜಾಗದಲ್ಲಿ ಎಂಜಿನ್ ನಿಂತಿತ್ತು. ಎಂಜಿನ್ ಸ್ವಲ್ಪ ತಿರುಗಿಸಿದೆ, ಆ ಹೊಗೆ ನಿಂತಿತು. ಆದರೂ ಲೀಕ್ ಕಾಣಲಿಲ್ಲ. ಅವರು ತಲೆ ಅಲ್ಲಾಡಿಸಿ ಹೋದರು.

ರಾತ್ರಿ ಮಲಗಿದಾಗ ಹೊಳೆಯಿತು. ಬಿಸಿಯಲ್ಲಿ ಬರುವ ಲೀಕನ್ನು ತಣ್ಣಗಿರುವಾಗ ಹುಡುಕಿದರೆ ಹೇಗೆ ಸಿಗುತ್ತದೆ? ಮರುದಿನ ಕುದಿನೀರಿನಲ್ಲಿ ಅದ್ದಿದ ಟವೆಲನ್ನು ಕಾರ್ಬೊರೇಟರ್ ಬುಡಕ್ಕೆ ಸುತ್ತಿದೆ. ನಾಲ್ಕೈದು ಸಲ ಬದಲಾಯಿಸಿದೆ. ಆಮೇಲೆ ಹೊಗೆ. ಕಾರ್ಬೊರೇಟರ್ ಕೆಳಗಿನ ಬೇಕಲೈಟ್ ಪ್ಯಾಕಿಂಗ್ ಪಕ್ಕದಿಂದ ದಾರದಷ್ಟು ತೆಳ್ಳಗೆ ಹೊಗೆ ಎದ್ದಿತು. ನನಗೆ ಕಣ್ಣು ತುಂಬಿ ಬಂತು.

ಬಿಚ್ಚಿ ಸ್ಟೀಲ್ ಸ್ಕೇಲ್ ಇಟ್ಟು ನೋಡಿದರೆ ಮಧ್ಯೆ 0.3 ಎಂಎಂ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹೋಯಿತು. ಹಿಂದೆ ಯಾರೋ ನಟ್‌ಗಳನ್ನು ವಿಪರೀತ ಬಿಗಿ ಮಾಡಿ ಅದನ್ನು ಬಗ್ಗಿಸಿದ್ದಾರೆ. ಕಾರ್ಬೊರೇಟರ್ ಬದಲಾದಾಗಲೂ ಅದೇ ಹಳೇ ಪ್ಯಾಕಿಂಗ್ ಒಳಗೆ ಹೋಗಿತ್ತು, ನಾನೂ ನೋಡಿರಲಿಲ್ಲ. ಗಾಜಿನ ಮೇಲೆ ಎಮರಿ ಪೇಪರ್ ಇಟ್ಟು ಒಂದೂವರೆ ಗಂಟೆ ಉಜ್ಜಿದೆ. ಎರಡೂ ಕಡೆ ಹೊಸ ಪೇಪರ್ ಗ್ಯಾಸ್ಕೆಟ್, ನಟ್‌ಗಳನ್ನು ಅಡ್ಡಡ್ಡ ಸ್ವಲ್ಪ ಸ್ವಲ್ಪವೇ ಬಿಗಿ. ಖರ್ಚು 200 ದಾಟಲಿಲ್ಲ. ಐಡ್ಲ್ 850-900ಕ್ಕೆ ಕೂತಿತು, ಗೇಜ್ ಮುಳ್ಳು 17ರಲ್ಲಿ. ಊರೊಳಗೆ ಲೀಟರ್‌ಗೆ 11 ಕಿಲೋಮೀಟರ್ ಕೊಡುತ್ತಿದ್ದ ಗಾಡಿ ಈಗ 15ರ ಮೇಲೆ ಕೊಡುತ್ತಿದೆ.

ನಡುವೆ ಇನ್ನೊಂದು ಮಾಡಿ ನೋಡಿದೆ. ಈಗಿನ ಪೆಟ್ರೋಲ್‌ನಲ್ಲಿ 20% ಎಥೆನಾಲ್ ಇರುವುದರಿಂದ ಮಿಕ್ಸ್ಚರ್ ಲೀನ್ ಆಗುತ್ತದೆ, ಅಂದರೆ ಗಾಳಿಯ ಪಾಲು ಹೆಚ್ಚಾಗುತ್ತದೆ ಅಂತ ಒಂದು ಸೈಜ್ ದೊಡ್ಡ ಸ್ಲೋ ಜೆಟ್ (ಐಡ್ಲಿಂಗ್‌ನಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತಿನ ಬಿಡಿಭಾಗ) ಹಾಕಿದೆ. ಪ್ಲಗ್ ಕಪ್ಪಾಯಿತು, ಮೈಲೇಜ್ ಇಳಿಯಿತು. ಹಳೆಯದನ್ನೇ ಹಾಕಿದೆ. ಎಥೆನಾಲ್‌ಗೆ ಹಳೇ ರಬ್ಬರ್ ಪೈಪ್ ಮೆತ್ತಗಾಗುವುದಂತೂ ನಿಜ, ಅವನ್ನು ಪೂರ್ತಿ ಬದಲಾಯಿಸಿದ್ದೇನೆ.

ಮೊನ್ನೆ ಅದೇ ಹಿರಿಯರು ಒಂದು ಹಳೇ ಓಮ್ನಿ ತಂದು ನಿಲ್ಲಿಸಿದರು. ಅದೂ ಇದೇ 796 ಸಿಸಿ ಎಂಜಿನ್. "ಒಂದು ಸಲ ಧೂಪ ಹಾಕಿ ನೋಡೋಣ" ಅಂದರು. ಮರುದಿನ ಹತ್ತೇ ನಿಮಿಷದಲ್ಲಿ ಹೊಗೆ ಬಂತು, ಎಂಜಿನ್ ಒಳಗಿನ ಆವಿಯನ್ನು ಮ್ಯಾನಿಫೋಲ್ಡಿಗೆ ಒಯ್ಯುವ ಪಿಸಿವಿ ಪೈಪಿನ ಕೆಳಗಿನ ಬಿರುಕಿನಿಂದ.