ಕ್ಯಾಸ್ಪರೋವ್ ಬಲಿಕೊಟ್ಟ ಆನೆಯನ್ನು ಇಂಜಿನ್‌ಗೆ ತೋರಿಸಿದಾಗ

ಇಂಜಿನ್ (ಚೆಸ್ ನಡೆಗಳನ್ನು ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ) ಹಚ್ಚಿಕೊಂಡು ಹಳೆಯ ಚೆಸ್ ಆಟ ನೋಡಿದರೆ ನನಗಂತೂ ಏನೂ ತಲೆಗೆ ಹತ್ತುವುದಿಲ್ಲ. ಪಕ್ಕದಲ್ಲಿ ಯಾರು ಎಷ್ಟು ಮುಂದಿದ್ದಾರೆ ಎನ್ನುವ ಅಂಕಿ ಕುಣಿಯುತ್ತದೆ, ನಾನು ಸುಮ್ನೆ ತಲೆಯಾಡಿಸುತ್ತೇನೆ. ಅದಕ್ಕೇ ಮೊದಲು ಬೋರ್ಡ್ ಮೇಲೆ ಕಾಯಿ ಇಟ್ಟು, ಹಳೆಯ ವಿಶ್ಲೇಷಣೆ ಓದುತ್ತಾ ಆಡುತ್ತೇನೆ. ಅನುಮಾನ ಬಂದ ಕಡೆ ಪೆನ್ಸಿಲ್ ಗುರುತು. ಸ್ಟಾಕ್‌ಫಿಶ್ ಎಂಬ ಇಂಜಿನ್ ತೆರೆಯುವುದು ಆಮೇಲೆ, ಆ ಗುರುತುಗಳಿಗಾಗಿ ಮಾತ್ರ.

ಹೀಗೆ ಜಾಸ್ತಿ ಹೊತ್ತು ಕೂತಿದ್ದು 1999ರ ಕ್ಯಾಸ್ಪರೋವ್–ಟೊಪಲೋವ್ ಆಟದ ಮುಂದೆ. ನೆದರ್ಲೆಂಡ್ಸ್‌ನ ವೈಕ್ ಆನ್ ಜೀಯಲ್ಲಿ ನಡೆದದ್ದು. ಬಿಳಿ ಕಾಯಿ ಕ್ಯಾಸ್ಪರೋವ್ ಅವರದು, ಕಪ್ಪು ಟೊಪಲೋವ್ ಅವರದು. 24ನೇ ನಡೆಯಲ್ಲಿ ಬಿಳಿ ಆನೆ ಡಿ4 ಚೌಕದ (ಅಕ್ಷರ ಕಂಬಸಾಲು, ಅಂಕಿ ಅಡ್ಡಸಾಲು) ಕಾಲಾಳನ್ನು ಹೊಡೆಯುತ್ತದೆ. ಟೊಪಲೋವ್ ಆ ಆನೆಯನ್ನು ತಿಂದರು. ತಕ್ಷಣ ಎರಡನೇ ಆನೆ ಇ7ಕ್ಕೆ ಬಂದು ಚೆಕ್! ಅದನ್ನೂ ತಿಂದರೆ ರಾಣಿ ಡಿ4ಕ್ಕೆ ಬರುತ್ತದೆ, ಕೆಲವೇ ನಡೆಗಳಲ್ಲಿ ಮೇಟ್, ಅಂದರೆ ರಾಜನಿಗೆ ದಾರಿಯಿಲ್ಲದೆ ಆಟ ಮುಗಿಯುತ್ತದೆ. ತಿನ್ನದಿದ್ದರೂ ಕಪ್ಪು ರಾಜ ಎ7ರಿಂದ ಹೊರಟು ಬಿಳಿಯ ಮನೆಯೊಳಗೆ, ಡಿ1ರವರೆಗೆ ನಡೆಯಬೇಕಾಯಿತು.

ನನ್ನ ಗುರುತು ಇದ್ದದ್ದು ಮೊದಲ ಆನೆಯ ಮೇಲೆ. ತಿನ್ನಲೇಬೇಕಿತ್ತಾ? ಇಂಜಿನ್‌ಗೆ ಒಂದೇ ಉತ್ತರ ಕೇಳದೆ ಮೂರು ಸಾಲು (ಮುಂದಿನ ನಡೆಗಳ ಸರಣಿ) ತೋರಿಸು ಅಂದೆ. ಮೇಲೆ ಬಂದದ್ದು ಆನೆಯನ್ನು ತಿನ್ನದೆ ರಾಜ ಬಿ6ಕ್ಕೆ ಹೋಗುವುದು. ಕ್ಯಾಸ್ಪರೋವ್ ಕೂಡ ಇದನ್ನೇ ಹೇಳಿದ್ದರು. ಅಲ್ಲಿಗೆ ಬಿಳಿಯ ಮೇಲುಗೈ ಮಾಯ. ಆದರೆ ಯಾಕೆ? ಅಂಕಿ ಅದನ್ನು ಹೇಳುವುದಿಲ್ಲ. ಹಾಗಾಗಿ ನಾನೇ ಬಿಳಿ ಹಿಡಿದು ಇಂಜಿನ್ ವಿರುದ್ಧ ಆಡಿದೆ. ಕುದುರೆಯನ್ನು ಬಿ3ಗೆ ಹಿಂತೆಗೆದರೆ, ಮೂಲೆಯಲ್ಲಿ ನಿದ್ದೆ ಮಾಡುತ್ತಿದ್ದ ಎ8ರ ಒಂಟೆ ಡಿ5ರ ಕಾಲಾಳನ್ನು ನುಂಗುತ್ತದೆ. ರಾಣಿಗಳು ಬದಲಾಗುತ್ತವೆ, ದಾಳಿ ಮುಗಿಯಿತು. ಕೈಯಲ್ಲಿ ಆಡಿ ಸೋತಾಗಲೇ ಇದು ಅರ್ಥವಾಗುವುದು.

ಒಂದು ಕೆಲಸದ ಸಂಗತಿ. ಸಾಲಿನಲ್ಲಿ ನಾಲ್ಕೈದು ನಡೆ ಮುಂದೆ ಹೋಗಿ, ಇಂಜಿನ್ ಓಡುತ್ತಿರುವಾಗಲೇ ಒಂದೊಂದಾಗಿ ಹಿಂದೆ ಬನ್ನಿ. ಮುಂದೆ ಕಂಡದ್ದು ಅದರ ನೆನಪಿನಲ್ಲಿ ಉಳಿದಿರುತ್ತದೆ, ಆದ್ದರಿಂದ ಹಳೆಯ ಸ್ಥಾನದ ಅಂಕಿಯೂ ಕೆಲವೊಮ್ಮೆ ಬದಲಾಗುತ್ತದೆ. ಮೊದಲ ಹತ್ತು ಸೆಕೆಂಡಿನ ತೀರ್ಪು ನಂಬಬೇಡಿ.

28ನೇ ನಡೆಯಲ್ಲಿ ಕ್ಯಾಸ್ಪರೋವ್ ಆಡಿದ ರಾಣಿ ಸಿ3 ಬದಲು ಆನೆ ಎ7 ಇನ್ನೂ ಬೇಗ ಗೆಲ್ಲುತ್ತದೆ ಎಂದು ಗ್ರ್ಯಾಂಡ್‌ಮಾಸ್ಟರ್ ಲುಬೋಮಿರ್ ಕವಾಲೆಕ್ ತೋರಿಸಿದ್ದರು. ಇಂಜಿನ್ ಪರೀಕ್ಷೆಯಲ್ಲಿ ಅದೂ ಪಾಸಾಯಿತು. 36ರ ಒಂಟೆ ಎಫ್1 ಇಂಜಿನ್‌ಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಸಿಕ್ಕಿತು. ಕಪ್ಪು ರಾಣಿಯಿಂದ ಆ ಒಂಟೆಯನ್ನು ತಿಂದರೆ ಮೇಟ್ ಖಚಿತ. ನನಗೆ ಇವತ್ತಿಗೂ ಆಟದ ಅತಿ ಚಂದದ ನಡೆ ಅದೇ, ಎರಡು ಆನೆ ಕೊಟ್ಟಿದ್ದಲ್ಲ.

24ನೇ ನಡೆಯ ಮುಂದೆ ಹಳೆಯ ಟಿಪ್ಪಣಿಯಲ್ಲಿದ್ದ ಆಶ್ಚರ್ಯಸೂಚಕವನ್ನು (ಚೆಸ್‌ನಲ್ಲಿ ಒಳ್ಳೆಯ ನಡೆಯ ಗುರುತು) ನಾನು ಹೊಡೆದುಹಾಕಲಿಲ್ಲ. ಪಕ್ಕದಲ್ಲಿ 'ಸರಿಯಾದ ಉತ್ತರವಿದೆ, ಗಡಿಯಾರ ಓಡುವಾಗ ಕಾಣುವುದು ಕಷ್ಟ' ಎಂದು ಬರೆದಿಟ್ಟಿದ್ದೇನೆ.