ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಕಂಪ್ಯೂಟರ್ ಆಫ್ ಆಗ್ತಿತ್ತು: ನಾನು ಪಟ್ಟ ಪಾಡು

ಧಾರೆಯ ಸೀನ್ ಎಕ್ಸ್‌ಪೋರ್ಟ್ ಆಗುತ್ತಿತ್ತು. 31 ಪರ್ಸೆಂಟ್ ಆಗಿತ್ತು. ಟಕ್ ಅಂತ ಒಂದು ಸದ್ದು, ಕಂಪ್ಯೂಟರ್ ಆಫ್. ನೀಲಿ ಸ್ಕ್ರೀನ್ ಇಲ್ಲ, ಎರರ್ ಇಲ್ಲ, ಹ್ಯಾಂಗ್ ಕೂಡ ಆಗಲಿಲ್ಲ. ಯಾರೋ ಪ್ಲಗ್ ಕಿತ್ತ ಹಾಗೆ.

ನಾನು ಶಿವಮೊಗ್ಗದಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುತ್ತೇನೆ. ಡಾವಿಂಚಿ ರಿಸಾಲ್ವ್‌ನಲ್ಲಿ ಕೆಲಸ. ಮೊದಲು ಇದ್ದ ಗ್ರಾಫಿಕ್ಸ್ ಕಾರ್ಡ್ ಜಿಟಿಎಕ್ಸ್ 1060, 6 ಜಿಬಿ ಮೆಮೊರಿಯದು. ಛತ್ರದ ಮಂದ ಬೆಳಕಲ್ಲಿ ತೆಗೆದ 4ಕೆ ಕ್ಲಿಪ್‌ಗೆ ನಾಯ್ಸ್ ರಿಡಕ್ಷನ್ (ಚಿತ್ರದ ಕಾಳುಕಾಳು ತೆಗೆಯೋದು) ಹಾಕಿದ ತಕ್ಷಣ ಜಿಪಿಯು (ಕಾರ್ಡ್‌ನ ಮುಖ್ಯ ಚಿಪ್) ಮೆಮೊರಿ ಫುಲ್ ಅಂತ ಬಾಯಿ ಬಡಿದುಕೊಳ್ಳುತ್ತಿತ್ತು. ಎರಡು ಸೀಸನ್ ಹೇಗೋ ತಳ್ಳಿದೆ. ಆಮೇಲೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3080 ತಂದೆ, 10 ಜಿಬಿಯದು. ಟವೆಲ್‌ನಲ್ಲಿ ಸುತ್ತಿ, ಬಸ್ಸಿನಲ್ಲಿ ಮಗು ಥರ ತೊಡೆ ಮೇಲೆ ಕೂರಿಸಿಕೊಂಡು ಬಂದೆ. ಅಂಗಡಿಯವರು ಕೊಟ್ಟಿದ್ದು 7 ದಿನದ ಟೆಸ್ಟಿಂಗ್ ವಾರಂಟಿ. ಈ 7 ದಿನವೇ ನನ್ನ ತಲೆ ಕೆಡಿಸಿದ್ದು. ಕ್ರಿಪ್ಟೊ ನಾಣ್ಯ ಗಳಿಸೋ ಮೈನಿಂಗ್‌ನಲ್ಲಿ ಅರೆದು ಬಿಟ್ಟ ಕಾರ್ಡ್ ತಲೆಗೆ ಕಟ್ಟಿದ್ದಾರೆ ಅನ್ನೋ ಅನುಮಾನ ಮೊದಲ ದಿನವೇ ಶುರುವಾಯಿತು, ಹಾಗಾಗಿ ನೋಡಿದ್ದೆಲ್ಲಾ ಅದೇ ಕಣ್ಣಲ್ಲಿ ನೋಡಿದೆ.

ಮೊದಲ ನಾಲ್ಕು ದಿನ ಮಾಡಿದ್ದು ಎಲ್ಲರೂ ಮಾಡೋದೇ. ಸೇಫ್ ಮೋಡ್‌ಗೆ ಹೋಗಿ ಡಿಡಿಯು ಅನ್ನೋ ಟೂಲ್ ಓಡಿಸಿ ಕಾರ್ಡ್‌ನ ಹಳೆ ಡ್ರೈವರ್ ಪೂರ್ತಿ ಒರೆಸಿ, ಹೊಸದು ಹಾಕಿದೆ. ಪ್ರಯೋಜನ ಇಲ್ಲ. ರ‍್ಯಾಮ್‌ನ ಎಕ್ಸ್‌ಎಂಪಿ (ಅದನ್ನು ಹೆಚ್ಚು ವೇಗದಲ್ಲಿ ಓಡಿಸೋ ಸೆಟ್ಟಿಂಗ್) ಆಫ್ ಮಾಡಿದೆ, ಅದನ್ನು ಪರೀಕ್ಷಿಸೋ ಮೆಮ್‌ಟೆಸ್ಟ್ ರಾತ್ರಿಯಿಡೀ ಓಡಿಸಿದೆ, ಒಂದು ಎರರ್ ಇಲ್ಲ. ಕೊನೆಗೆ ವಿಂಡೋಸ್ ಕೂಡ ಹೊಸದಾಗಿ ಹಾಕಿದೆ. ಪ್ಲಗಿನ್, ಫಾಂಟ್, ಲೈಸೆನ್ಸ್ ಎಲ್ಲಾ ಮತ್ತೆ ಹಾಕಿಕೊಳ್ಳೋಕೆ ಒಂದು ದಿನ ಹೋಯಿತು. ಮರುದಿನ ಅದೇ ಟಕ್.

ಟೆಂಪರೇಚರ್ ಕೂಡ ನೋಡಿದೆ. ಎಚ್‌ಡಬ್ಲ್ಯುಇನ್‌ಫೋದಲ್ಲಿ ಜಿಪಿಯು 74 ಡಿಗ್ರಿ, ಮೆಮೊರಿ 96. ಮೆಮೊರಿ ನೋಡಿ ಎದೆ ಧಸಕ್ ಅಂತು, ಆದರೆ ಈ ಕಾರ್ಡ್‌ನ ಜಿಡಿಡಿಆರ್6ಎಕ್ಸ್ ಮೆಮೊರಿ ಬಿಸಿಯಾಗೋದೇ ಹಾಗೆ, 110ರ ಹತ್ತಿರ ಹೋದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಕಾರ್ಡ್‌ಗೆ ಪೂರ್ತಿ ಲೋಡ್ ಹಾಕಿ ಪರೀಕ್ಷಿಸೋ ಫರ್‌ಮಾರ್ಕ್ ಪ್ರೋಗ್ರಾಂ 20 ನಿಮಿಷ ಓಡಿಸಿದೆ. ಫ್ಯಾನ್ ವಿಮಾನದ ಥರ ಕೂಗಿತು, ಆದರೆ ಆಫ್ ಆಗಲಿಲ್ಲ. ಇಲ್ಲೇ ನಾನು ಪೂರ್ತಿ ದಾರಿ ತಪ್ಪಿದ್ದು. ಅಷ್ಟು ಹಿಂಡಿದರೂ ಏನೂ ಆಗಲಿಲ್ಲ ಅಂದಮೇಲೆ ಪವರ್ ಸಾಕಷ್ಟಿದೆ ಅಂದುಕೊಂಡೆ.

ಲೆಕ್ಕಾನೂ ಹಾಕಿದ್ದೆ ಮಾರಾಯ್ರೆ. ಕಾರ್ಡ್ 320 ವ್ಯಾಟ್. ಪ್ರೊಸೆಸರ್ ರೈಜೆನ್ 5 3600, ಫುಲ್ ಲೋಡ್‌ನಲ್ಲಿ 90ರ ಹತ್ತಿರ. ಡಿಸ್ಕ್, ಫ್ಯಾನ್, ಬೋರ್ಡ್ ಸೇರಿ ಒಂದು 50. ಒಟ್ಟು 460. ನನ್ನ ಎಸ್‌ಎಂಪಿಎಸ್, ಅಂದರೆ ಒಳಗಿನ ಎಲ್ಲಕ್ಕೂ ಕರೆಂಟ್ ಕೊಡೋ ಡಬ್ಬಿ, 550 ವ್ಯಾಟ್. ಇನ್ನೂ 90 ಉಳಿಯುತ್ತದೆ, ಅಲ್ವಾ? ಕಾರ್ಡ್ ಕಂಪನಿ 750 ವ್ಯಾಟ್ ಬೇಕು ಅಂತ ಬರೆದಿರೋದನ್ನು ಓದಿದ್ದೆ. ಸುಮ್ನೆ ಸೇಫ್ಟಿಗೆ ಜಾಸ್ತಿ ಹೇಳ್ತಾರೆ ಅಂತ ಬಿಟ್ಟಿದ್ದೆ.

ಐದನೇ ದಿನ ಸಿಸಿಟಿವಿ ಹಾಕುವ ಗೆಳೆಯನೊಬ್ಬ ಟೀ ಕುಡಿಯೋಕೆ ಬಂದ. ನನ್ನ ಗೋಳು ಪೂರ್ತಿ ಕೇಳಲೇ ಇಲ್ಲ.

"ಆಫ್ ಆದ್ಮೇಲೆ ಬಟನ್ ಒತ್ತಿದ್ರೆ ಆನ್ ಆಗುತ್ತಾ?"

"ಇಲ್ಲ ಕಣೋ. ಹಿಂದಿನ ಸ್ವಿಚ್ ಆಫ್ ಮಾಡಿ, ಹತ್ತು ಸೆಕೆಂಡ್ ಬಿಟ್ಟು ಹಾಕ್ಬೇಕು."

"ಹಾಗಾದ್ರೆ ಎಸ್‌ಎಂಪಿಎಸ್ ಟ್ರಿಪ್ ಆಗ್ತಿದೆ. ಕಾರ್ಡ್‌ಗೆ ಯಾಕೆ ಬೈತೀಯ?"

ನಾಲ್ಕು ದಿನದಿಂದ ಪ್ರತಿ ಸಲ ಟೇಬಲ್ ಕೆಳಗೆ ಬಗ್ಗಿ, ಕೈ ಹಿಂದೆ ತೂರಿಸಿ, ಆ ಸ್ವಿಚ್ ತಡಕಾಡಿ ಆಫ್ ಮಾಡಿ ಆನ್ ಮಾಡುತ್ತಿದ್ದವನು ನಾನೇ. ಅದೇ ಸುಳಿವು ಅಂತ ಒಂದು ಸಲವೂ ಹೊಳೆಯಲಿಲ್ಲ. ಎಸ್‌ಎಂಪಿಎಸ್ ಒಳಗಿನ ಪ್ರೊಟೆಕ್ಷನ್ ಕೆಲಸ ಮಾಡಿದರೆ ಸಾಮಾನ್ಯವಾಗಿ ಅದು ಲಾಕ್ ಆಗಿ ಕೂರುತ್ತದೆ, ಮುಂದಿನ ಬಟನ್‌ಗೆ ಜಗ್ಗುವುದಿಲ್ಲ. ಗೋಡೆ ಕಡೆಯ ಕರೆಂಟ್ ಒಮ್ಮೆ ಪೂರ್ತಿ ತಪ್ಪಿಸಿದರೇನೇ ಮತ್ತೆ ಏಳೋದು.

ಆಮೇಲೆ ವಿಂಡೋಸ್ ತನ್ನ ಎರರ್‌ಗಳನ್ನು ಬರೆದಿಡೋ ಈವೆಂಟ್ ವ್ಯೂವರ್ ಮತ್ತೆ ತೆರೆದು ನೋಡಿದೆ. ಪ್ರತಿ ಸಲವೂ ಕರ್ನಲ್-ಪವರ್ 41 ಅಂತ ಕೆಂಪು ಗುರುತು. ಇದನ್ನು ನೋಡಿ ಅದೇ ಕಾಯಿಲೆ ಅಂದುಕೊಳ್ಳುವವರು ತುಂಬಾ ಜನ, ನಾನೂ ಅಂದುಕೊಂಡಿದ್ದೆ. ಸರಿಯಾಗಿ ಶಟ್‌ಡೌನ್ ಆಗದೆ ಕಂಪ್ಯೂಟರ್ ನಿಂತುಹೋಗಿತ್ತು ಅನ್ನೋದನ್ನು ಬಿಟ್ಟು ಅದು ಬೇರೇನೂ ಹೇಳುವುದಿಲ್ಲ. ಆದರೆ ಅದರ ಡೀಟೇಲ್ಸ್ ಟ್ಯಾಬ್‌ನಲ್ಲಿ ಬಗ್‌ಚೆಕ್‌ಕೋಡ್ ಅಂತ ಒಂದು ಸಾಲು ಇದೆ. ನನ್ನಲ್ಲಿ ಎಲ್ಲಾ ಸಲವೂ 0. ಅಂದರೆ ನೀಲಿ ಸ್ಕ್ರೀನ್ ಬರೆದುಕೊಳ್ಳೋಕೂ ವಿಂಡೋಸ್‌ಗೆ ಪುರುಸೊತ್ತು ಸಿಕ್ಕಿಲ್ಲ. ಡ್ರೈವರ್ ತೊಂದರೆ ಆಗಿದ್ದರೆ ಸಾಮಾನ್ಯವಾಗಿ ಸ್ಕ್ರೀನ್ ಎರಡು ಸೆಕೆಂಡ್ ಕಪ್ಪಾಗಿ ವಾಪಸ್ ಬರುತ್ತಿತ್ತು, 4101 ಅಂತ ಇನ್ನೊಂದು ಎಂಟ್ರಿ ಇರುತ್ತಿತ್ತು. ಅದೊಂದೂ ಇರಲಿಲ್ಲ.

ಗೆಳೆಯ ಹೇಳಿದ ಅಂತ ದುಡ್ಡು ಖರ್ಚು ಮಾಡೋ ಮೊದಲು ಒಂದು ಪರೀಕ್ಷೆ ಮಾಡಿದೆ. ಕಾರ್ಡ್‌ನ ಸೆಟ್ಟಿಂಗ್ ಬದಲಿಸೋ ಎಂಎಸ್‌ಐ ಆಫ್ಟರ್‌ಬರ್ನರ್‌ನಲ್ಲಿ ಪವರ್ ಲಿಮಿಟ್ 100 ಪರ್ಸೆಂಟ್‌ನಿಂದ 70ಕ್ಕೆ ಇಳಿಸಿದೆ, ಅಂದರೆ ಸುಮಾರು 224 ವ್ಯಾಟ್. ಅದೇ ಪ್ರಾಜೆಕ್ಟ್ ಹಚ್ಚಿದೆ. 31 ದಾಟಿತು, 60 ದಾಟಿತು, ಮುಗಿದೇ ಹೋಯಿತು. ಕಾರ್ಡ್ ಚೆನ್ನಾಗಿದೆ! ಅಂಗಡಿಯವರನ್ನು ಮನಸ್ಸಲ್ಲೇ ಬೈದಿದ್ದೆಲ್ಲಾ ವಾಪಸ್ ತೆಗೆದುಕೊಂಡೆ. 85ಕ್ಕೆ ಏರಿಸಿದೆ, ಟಕ್.

ಸೈಡ್ ಪ್ಯಾನೆಲ್ ತೆಗೆದು ನೋಡಿದರೆ ಇನ್ನೊಂದು ತಪ್ಪು ನನ್ನದೇ. ಕಾರ್ಡ್‌ಗೆ ಎರಡು 8 ಪಿನ್ ಪವರ್ ಕನೆಕ್ಟರ್ ಬೇಕು. ನಾನು ಒಂದೇ ಕೇಬಲ್‌ನ ತುದಿಯಲ್ಲಿರುವ ಜೋಡಿ ಕನೆಕ್ಟರ್ ಎರಡನ್ನೂ ಚುಚ್ಚಿದ್ದೆ. ಒಂದೊಂದು 8 ಪಿನ್‌ಗೆ ಲೆಕ್ಕ 150 ವ್ಯಾಟ್, ಅಷ್ಟೂ ಒಂದೇ ತಂತಿಯಲ್ಲಿ ಬರಬೇಕಿತ್ತು. ಬೇರೆ ಬೇರೆ ಎರಡು ಕೇಬಲ್ ಎಳೆದೆ. 85ರಲ್ಲಿ ನಿಂತಿತು. 100ರಲ್ಲಿ ಎರಡು ಗಂಟೆ ಓಡಿ ಮತ್ತೆ ಬಿತ್ತು. ಅಲ್ಲಿಗೆ ಎಸ್‌ಎಂಪಿಎಸ್ ಬದಲಿಸೋದೇ ಅಂತ ತೀರ್ಮಾನ ಮಾಡಿದೆ.

ಹಾಗಾದರೆ ಫರ್‌ಮಾರ್ಕ್‌ನಲ್ಲಿ ಯಾಕೆ ಬೀಳಲಿಲ್ಲ? ಅದು ಒಂದೇ ಸಮನೆ ಎಳೆಯುತ್ತದೆ. ನನ್ನ ಟೈಮ್‌ಲೈನ್ ಹಾಗಲ್ಲ. ಒಂದು ಕ್ಲಿಪ್‌ಗೆ ನಾಯ್ಸ್ ರಿಡಕ್ಷನ್ ಇದೆ, ಮುಂದಿನದಕ್ಕೆ ಇಲ್ಲ, ಅದರ ಮುಂದಿನದಕ್ಕೆ ಸ್ಲೋ ಮೋಷನ್. ಕಾರ್ಡ್ ಸುಮ್ಮನಾಗುತ್ತದೆ, ಮತ್ತೆ ಒಮ್ಮೆಲೇ ನುಗ್ಗುತ್ತದೆ. ಹಾಗೆ ನುಗ್ಗುವಾಗ ಮಿಲಿಸೆಕೆಂಡ್ ಲೆಕ್ಕದಲ್ಲಿ 320ನ್ನು ಎಷ್ಟೋ ದಾಟಿ ಹೋಗುತ್ತದೆ. ನಾನು ಕೂಡಿಸಿದ್ದು ಸರಾಸರಿ, ಎಸ್‌ಎಂಪಿಎಸ್ ನೋಡುವುದು ಆ ಜಿಗಿತವನ್ನು. 2022ರಲ್ಲಿ ಎಸ್‌ಎಂಪಿಎಸ್‌ಗಳಿಗೆ ಬಂದ ಎಟಿಎಕ್ಸ್ 3.0 ನಿಯಮದಲ್ಲಿ ಇಂಥ ಜಿಗಿತ ತಡೆದುಕೊಳ್ಳಬೇಕು ಅಂತಲೇ ಸೇರಿಸಿದ್ದಾರೆ. ನನ್ನದು ಅದಕ್ಕಿಂತ ಹಳೆಯದು.

850 ವ್ಯಾಟ್‌ನದು ತರಿಸಿದೆ. ಹಾಕುವಾಗ ಸೋಮಾರಿತನ ಬಂತು. ಹಳೆ ಕೇಬಲ್‌ಗಳನ್ನು ಬೋರ್ಡ್ ಹಿಂದೆ ಟ್ಯಾಗ್ ಹಾಕಿ ನೀಟಾಗಿ ಕಟ್ಟಿದ್ದೆ, ಡಬ್ಬಿ ಒಂದನ್ನೇ ಬದಲಿಸಿ ಅದೇ ಕೇಬಲ್ ಚುಚ್ಚಿಬಿಡೋಣ ಅಂತ. ದಯವಿಟ್ಟು ಇದನ್ನು ಮಾಡಬೇಡಿ. ಕಾರ್ಡ್ ಕಡೆಯ ಪಿನ್ ಎಲ್ಲರದ್ದೂ ಒಂದೇ, ಎಸ್‌ಎಂಪಿಎಸ್ ಕಡೆಯ ಪಿನ್ ಒಬ್ಬೊಬ್ಬರದ್ದು ಒಂದೊಂದು ಥರ. ಕನೆಕ್ಟರ್ ಸರಿಯಾಗಿ ಕೂತರೂ ಒಳಗೆ 12 ವೋಲ್ಟ್ ಎಲ್ಲಿಗೋ ಹೋಗಿ ಕಾರ್ಡ್, ಡಿಸ್ಕ್ ಎಲ್ಲಾ ಸುಟ್ಟುಹೋಗಬಹುದು. ಬೈಕೊಂಡೇ ಎಲ್ಲಾ ಬಿಚ್ಚಿ ಹೊಸ ಕೇಬಲ್ ಎಳೆದೆ.

100 ಪರ್ಸೆಂಟ್‌ನಲ್ಲಿ ಇಡೀ ಮದುವೆ ಎಕ್ಸ್‌ಪೋರ್ಟ್ ಆಯಿತು. ಮೂರು ದಿನ ಆರಾಮ. ನಾಲ್ಕನೇ ದಿನ ಸಂಜೆ ಮತ್ತೆ ಆಫ್!

ಈ ಸಲ ಬುದ್ಧಿ ಬಂದಿತ್ತು. ಮೊದಲು ಮಾನಿಟರ್ ನೋಡಿದೆ. ಹಿಂದೆ ಕಂಪ್ಯೂಟರ್ ಸತ್ತಾಗಲೆಲ್ಲಾ ಮಾನಿಟರ್‌ನ ಕಿತ್ತಳೆ ಲೈಟ್ ಉರಿಯುತ್ತಲೇ ಇರುತ್ತಿತ್ತು, ಎರಡೂ ಇರೋದು ಒಂದೇ ಯುಪಿಎಸ್‌ನಲ್ಲಿ. ಈಗ ಅದೂ ಇಲ್ಲ. ಯುಪಿಎಸ್ ಕುಂಯ್ ಅಂತ ಒಂದೇ ಸಮನೆ ಅಳುತ್ತಿತ್ತು. ತಲೆ ಎತ್ತಿ ನೋಡಿದರೆ ಫ್ಯಾನೂ ನಿಂತಿದೆ, ಕರೆಂಟ್ ಹೋಗಿದೆ. ಯುಪಿಎಸ್ ತಿರುಗಿಸಿ ಧೂಳು ಒರೆಸಿ ಸ್ಟಿಕರ್ ಓದಿದೆ: 600 ವಿಎ, 360 ವ್ಯಾಟ್. ಕರೆಂಟ್ ಇದ್ದಾಗ ಅದು ಗೋಡೆಯಿಂದ ಬಂದದ್ದನ್ನು ಹಾಗೇ ದಾಟಿಸುತ್ತಿತ್ತು. ಬ್ಯಾಟರಿಗೆ ಬಂದ ಕ್ಷಣ 450 ವ್ಯಾಟ್ ಹೊರೋಕೆ ಆಗದೆ ಕೈ ಎತ್ತಿತು. 1060 ಬರೀ 120 ವ್ಯಾಟ್‌ನದು, ಅದಿದ್ದಾಗ ಈ ತೊಂದರೆಯೇ ಕಂಡಿರಲಿಲ್ಲ.

1100 ವಿಎ, 660 ವ್ಯಾಟ್‌ನ ಯುಪಿಎಸ್ ತಂದೆ. ಈಗ ಕರೆಂಟ್ ಹೋದರೆ ಎಕ್ಸ್‌ಪೋರ್ಟ್ ನಿಲ್ಲಿಸಿ, ಸೇವ್ ಮಾಡಿ ಮುಚ್ಚುವಷ್ಟು ಹೊತ್ತು ಸಿಗುತ್ತದೆ, ನನಗೆ ಅಷ್ಟು ಸಾಕು. ಹಳೆ 550ರ ಎಸ್‌ಎಂಪಿಎಸ್, 1060 ಕಾರ್ಡ್, 600 ವಿಎ ಯುಪಿಎಸ್ ಮೂರನ್ನೂ ಸೇರಿಸಿ ನಮ್ಮ ಹುಡುಗನಿಗೆ ಒಂದು ಮಷಿನ್ ಕಟ್ಟಿಕೊಟ್ಟೆ. ಆಲ್ಬಂ ಡಿಸೈನ್ ಮಾಡುತ್ತಾನೆ. ಇವತ್ತಿನವರೆಗೆ ಒಂದು ಸಲವೂ ಆಫ್ ಆಗಿಲ್ಲ.