ಮೊಡವೆಗೆ ಬಿಪಿ ಮಾತ್ರೆನಾ? ಶುರು ಮಾಡೋದು ಹೇಗೆ, ಕಾಯೋದು ಎಷ್ಟು ದಿನ

ವಯಸ್ಸು 25 ದಾಟಿದ್ರೂ ಪೀರಿಯಡ್ಸ್‌ಗೆ ವಾರ ಮುಂಚೆ ಗದ್ದ, ದವಡೆ ಸುತ್ತ ದಪ್ಪ ದಪ್ಪ ನೋಯೋ ಮೊಡವೆ ಏಳತ್ತೆ, ಫೇಸ್‌ವಾಶ್ ಬದಲಾಯಿಸಿ ಬದಲಾಯಿಸಿ ಸಾಕಾಯ್ತು ಅನ್ನೋ ಹೆಣ್ಮಕ್ಕಳಿಗೆ ಸ್ಕಿನ್ ಡಾಕ್ಟ್ರು ಕೆಲವೊಮ್ಮೆ ಸ್ಪೈರೊನೊಲ್ಯಾಕ್ಟೋನ್ ಬರೀತಾರೆ. ಗೂಗಲ್ ಮಾಡಿದ್ರೆ ಬಿಪಿ, ಹಾರ್ಟ್ ಮಾತ್ರೆ ಅಂತ ಬರತ್ತೆ, ಗಾಬರಿ ಆಗತ್ತೆ. ಅದೂ ನಿಜ, ಇದೂ ನಿಜ.

ಮೊದ್ಲು ಇದರ ಕೆಲಸ ತಿಳ್ಕೊಳ್ಳಿ. ಆಂಡ್ರೋಜನ್ ಅನ್ನೋ ಹಾರ್ಮೋನ್ ಹೆಂಗಸರಲ್ಲೂ ಇರತ್ತೆ, ಅದು ಚರ್ಮದ ಎಣ್ಣೆ ಗ್ರಂಥಿಯ ರಿಸೆಪ್ಟರ್‌ನಲ್ಲಿ ಕೂತ್ರೆ ಗ್ರಂಥಿ ದಪ್ಪ ಆಗಿ ಜಿಡ್ಡು ಸುರಿಸತ್ತೆ. ಈ ಮಾತ್ರೆ ಬಸ್ಸಲ್ಲಿ ಟವಲ್ ಹಾಕಿ ಸೀಟ್ ಹಿಡಿದಂಗೆ ಆ ಜಾಗ ತಾನೇ ಹಿಡ್ಕೊಳ್ಳತ್ತೆ. ರಕ್ತದ ರಿಪೋರ್ಟ್ ನಾರ್ಮಲ್ ಇದ್ರೂ ಕೆಲಸ ಮಾಡೋದು ಅದಕ್ಕೇ. ಮನೇಲಿ ಯಾರೋ ಕೂದಲು ಉದುರೋದಕ್ಕೆ ತಗೊಳ್ಳೋ ಫಿನಾಸ್ಟರೈಡ್ ನುಂಗೋಕೆ ಹೋಗ್ಬೇಡಿ, ಅದು ತಡೆಯೋ ಎನ್‌ಜೈಮೇ ಬೇರೆ, ಎಣ್ಣೆ ಗ್ರಂಥಿಯಲ್ಲಿ ಮುಖ್ಯವಾಗಿರೋದಲ್ಲ, ಹಾಗಾಗಿ ಜಿಡ್ಡಿಗೆ ಹೆಚ್ಚೇನೂ ಮಾಡಲ್ಲ.

ಆಮೇಲೆ ಡಾಕ್ಟ್ರ ಹತ್ರ ಏನೂ ಮುಚ್ಚಿಡ್ಬೇಡಿ. ಮಗುಗೆ ಪ್ಲಾನ್ ಮಾಡ್ತಿದ್ರೆ ಈ ಮಾತ್ರೆ ಬೇಡವೇ ಬೇಡ, ಹೊಟ್ಟೆಲಿರೋದು ಗಂಡು ಮಗು ಆದ್ರೆ ಅದರ ಬೆಳವಣಿಗೆಗೆ ತೊಂದ್ರೆ ಆಗ್ಬಹುದು. ಕಿಡ್ನಿ ಸಮಸ್ಯೆ, ಟೆಲ್ಮಿಸಾರ್ಟಾನ್ ಥರದ ಬಿಪಿ ಮಾತ್ರೆ ಇದ್ರೂ ಹೇಳಿ, ಯಾಕಂದ್ರೆ ಇದು ಪೊಟ್ಯಾಸಿಯಂ ಏರಿಸತ್ತೆ. ಅಂಥವರಿಗೆ ದಿನಾ ಎಳನೀರು, ಲೋ ಸೋಡಿಯಂ ಉಪ್ಪು ಎರಡೂ ಒಳ್ಳೇದಲ್ಲ. ಕಿಡ್ನಿ ಸರಿ ಇದ್ದು ಬೇರೆ ಮಾತ್ರೆ ಇಲ್ದಿರೋ ಚಿಕ್ಕ ವಯಸ್ಸಿನವರಿಗೆ ಪದೇ ಪದೇ ಪೊಟ್ಯಾಸಿಯಂ ಟೆಸ್ಟ್ ಸಾಮಾನ್ಯವಾಗಿ ಬೇಕಾಗಲ್ಲ.

ಡೋಸ್ ಮಾಮೂಲಿ 50 ಎಂಜಿಯಿಂದ ಶುರು, ಆಮೇಲೆ 100. ಬೆಳಿಗ್ಗೆ ತಗೊಳ್ಳೋದು ವಾಸಿ, ರಾತ್ರಿ ತಗೊಂಡ್ರೆ ಮೂತ್ರಕ್ಕೆ ಎದ್ದೆದ್ದು ನಿದ್ದೆ ಕೆಡತ್ತೆ. ಪೀರಿಯಡ್ಸ್ ಏರುಪೇರು, ಎದೆ ನೋವು (ಸ್ತನ ಮುಟ್ಟಿದ್ರೆ ನೋಯೋದು), ತಲೆಸುತ್ತು ಆಗ್ಬಹುದು.

ಜನ ಕೈಚೆಲ್ಲೋದು ಕಾಯೋ ಹಂತದಲ್ಲೇ. ಒಂದು ತಿಂಗಳಿಗೇ ಏನೂ ಆಗಿಲ್ಲ ಅಂತ ಬಿಟ್ಬಿಡ್ತಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 410 ಹೆಂಗಸರ ಮೇಲೆ ನಡೆಸಿ 2023ರಲ್ಲಿ ಪ್ರಕಟವಾದ ಟ್ರಯಲ್‌ನಲ್ಲೂ 12ನೇ ವಾರಕ್ಕಿಂತ 24ನೇ ವಾರಕ್ಕೇ ವ್ಯತ್ಯಾಸ ಚೆನ್ನಾಗಿ ಕಂಡಿದ್ದು. ಅಲ್ಲೀವರೆಗೂ ಹಚ್ಚೋ ಕ್ರೀಮ್ ಬಿಡ್ಬೇಡಿ.

ಗಂಡಸರಿಗೆ ಈ ಮಾತ್ರೆ ಕೊಡಲ್ಲ, ಎದೆ ಬೆಳೆಯತ್ತೆ. ಕ್ಲಾಸ್ಕೋಟೆರೋನ್ ಅನ್ನೋ ಕ್ರೀಮ್ ಇದೇ ರಿಸೆಪ್ಟರನ್ನ ಚರ್ಮದಲ್ಲಷ್ಟೇ ತಡೆಯತ್ತೆ, ಅಮೆರಿಕದಲ್ಲಿ 2020ರಲ್ಲಿ 12 ವರ್ಷ ದಾಟಿದ ಹುಡುಗ ಹುಡುಗಿ ಇಬ್ಬರಿಗೂ ಒಪ್ಪಿಗೆ ಸಿಕ್ತು.

ಮುಖ ಸರಿ ಆಯ್ತು ಅಂತ ನಿಲ್ಲಿಸಿದ್ರೆ ಜಿಡ್ಡು ಮತ್ತೆ ಬರೋ ಚಾನ್ಸ್ ಇದೆ, ಹಾಗಾಗಿ ಯಾವಾಗ, ಹೇಗೆ ಕಮ್ಮಿ ಮಾಡೋದು ಅಂತ ಬರೆಸ್ಕೊಳ್ಳುವಾಗಲೇ ಕೇಳಿಟ್ಕೊಳ್ಳಿ.